ರಜೆಗೆ ಬರುವ ಅಪ್ಪ, ಗೂಢಚಾರರ ಸಿನಿಮಾ, ಒಂಬತ್ತರ ಮಗಳು: ಓದುಗರ ಸ್ಪಂದನ

ಬ್ರಹ್ಮಾವರ ಸಮೀಪದ ಗೃಹಿಣಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಮಸ್ಯೆಯನ್ನು ಓದುಗರ ಮುಂದಿಟ್ಟಿದ್ದರು. ಅವರ ಪತಿ ಗಲ್ಫ್‌ನಲ್ಲಿ ಉದ್ಯೋಗಿ; ವರ್ಷಕ್ಕೊಮ್ಮೆ, ಮಕ್ಕಳ ಬೇಸಗೆ ರಜೆಯ ಹೊತ್ತಿಗೆ, ಮೂರು ವಾರಗಳ ಮಟ್ಟಿಗೆ ಊರಿಗೆ ಬರುತ್ತಾರೆ. ಈ ಸಲ ಬಂದೊಡನೆ ಮನೆಮಂದಿಯೆಲ್ಲ ಮಂಗಳೂರಿಗೆ ಹೋಗಿ, ಈಗ ತೆರೆಯಲ್ಲಿರುವ ಗೂಢಚಾರರ ಕಥೆಯ ಸಿನಿಮಾವೊಂದನ್ನು ನೋಡಬೇಕೆಂದು ಅವರು ಫೋನಿನಲ್ಲೇ ನಿಶ್ಚಯಿಸಿದ್ದಾರೆ. ಹದಿನಾಲ್ಕರ ಮಗ ದಿನ ಎಣಿಸುತ್ತಿದ್ದಾನೆ, ಮಾವನವರೂ ಉತ್ಸಾಹದಲ್ಲಿದ್ದಾರೆ. ಆದರೆ ಆ ಸಿನಿಮಾಕ್ಕೆ ಸಿಕ್ಕಿರುವುದು ‘ಯು/ಎ 16+’ ಪ್ರಮಾಣಪತ್ರ. ಒಂಬತ್ತರ ಮಗಳಾದರೋ ಟಿ.ವಿ.ಯಲ್ಲಿ ಹೊಡೆದಾಟ ಕಂಡರೂ ರಾತ್ರಿ ಬೆಚ್ಚಿ ಏಳುವ ಸ್ವಭಾವದವಳು. ಅವಳನ್ನು ಕರೆದೊಯ್ಯುವುದು ಬೇಡವೆಂದದ್ದಕ್ಕೆ ಪತಿ ನೊಂದುಕೊಂಡು, ಹಾಗಿದ್ದರೆ ಯಾರೂ ಹೋಗುವುದು ಬೇಡ ಎಂದಿದ್ದಾರೆ. ಮಗ ತಾಯಿಯೊಡನೆ ಮಾತು ಬಿಟ್ಟಿದ್ದಾನೆ. ಏನು ಮಾಡಲಿ ಎಂಬುದು ಆ ಗೃಹಿಣಿಯ ಪ್ರಶ್ನೆ. ಬಂದ ಪತ್ರಗಳಲ್ಲಿ ಆಯ್ದ ಕೆಲವು ಇಲ್ಲಿವೆ.

ನಿವೃತ್ತ ಇತಿಹಾಸ ಶಿಕ್ಷಕಿ, ಉಡುಪಿ

ಪ್ರಿಯ ಸೋದರಿ, ‘ಯು/ಎ ಎಂದರೆ ಮಕ್ಕಳನ್ನು ಒಳಗೆ ಬಿಡುತ್ತಾರೆ’ ಎಂದು ತಮ್ಮ ಯಜಮಾನರು ಹೇಳಿದ್ದಾಗಿ ಬರೆದಿದ್ದೀರಿ. ಅವರ ಮಾತು ನಿಯಮದ ಮಟ್ಟಿಗೆ ಸರಿಯಾಗಿಯೇ ಇದೆ. ‘ಎ’ ಪ್ರಮಾಣಪತ್ರದ ಸಿನಿಮಾಕ್ಕೆ ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ. ‘ಯು/ಎ’ ಹಾಗಲ್ಲ, ಅಲ್ಲಿ ತೀರ್ಮಾನವನ್ನು ಹೆತ್ತವರಿಗೆ ಬಿಡಲಾಗಿದೆ. 1983ರಲ್ಲಿ ಈ ವರ್ಗ ಜಾರಿಗೆ ಬಂದಾಗ ಹನ್ನೆರಡು ವರ್ಷವೆಂಬ ಒಂದೇ ಗೆರೆ ಇತ್ತು. ಏಳರ ಮಗುವಿಗೂ ಹದಿನೈದರ ಹುಡುಗನಿಗೂ ಒಂದೇ ಅಳತೆ ಸಾಲದೆಂಬ ಕಾರಣಕ್ಕೆ 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು 7+, 13+, 16+ ಎಂಬ ಮೂರು ಮೆಟ್ಟಿಲುಗಳನ್ನು ಮಾಡಿದರು. ತಮ್ಮ ಮಗನಿಗೂ ಆ ಹದಿನಾರರ ಗುರುತಿಗೂ ನಡುವೆ ಇರುವುದು ಎರಡು ವರ್ಷ, ಮಗಳಿಗೆ ಏಳು ವರ್ಷ. ಆದ್ದರಿಂದ ಮಗನ ವಿಷಯದಲ್ಲಿ ತಾವು ಸ್ವಲ್ಪ ಸಡಿಲಿಸಿದರೂ ಮಗಳ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲುವುದು ಪಕ್ಷಪಾತವಾಗುವುದಿಲ್ಲ. ಇದನ್ನು ಮಗನಿಗೂ ಯಜಮಾನರಿಗೂ ಹೀಗೆಯೇ, ಲೆಕ್ಕ ಮುಂದಿಟ್ಟು, ತಿಳಿಸಿ ಹೇಳಿ.

ನಮ್ಮ ಕಡೆಯ ಮಕ್ಕಳಿಗೆ ಭಯವೇನೂ ಹೊಸದಲ್ಲವೆಂದು ಯಜಮಾನರು ಹೇಳಬಹುದು. ದೇವಿಮಹಾತ್ಮೆ ಯಕ್ಷಗಾನದ ಆಟದಲ್ಲಿ ಮಹಿಷಾಸುರ ದೊಂದಿಗಳ ಬೆಳಕಿನಲ್ಲಿ, ಕೂತ ಜನರ ನಡುವಿನಿಂದಲೇ ಆರ್ಭಟಿಸುತ್ತ ರಂಗಸ್ಥಳಕ್ಕೆ ಬರುವುದನ್ನು ನಮ್ಮ ಮಕ್ಕಳು ತೀರಾ ಎಳೆಯ ವಯಸ್ಸಿನಿಂದಲೇ ಕಂಡಿರುತ್ತಾರೆ. ಆದರೆ ಅಲ್ಲಿ ಮಗು ಅಜ್ಜಿಯ ಮಡಿಲಲ್ಲಿರುತ್ತದೆ. ಹೆದರಿದರೆ ಎತ್ತಿಕೊಂಡು ಚರುಮುರಿ ಅಂಗಡಿಯ ತನಕ ಹೋಗಿ ಬರಬಹುದು. ಬೆಳಗಾಗುವಷ್ಟರಲ್ಲಿ ಅಸುರ ಸತ್ತಿರುತ್ತಾನೆ, ಬಣ್ಣ ಹಚ್ಚುವ ಚೌಕಿಗೆ ಹೋದರೆ ಆ ವೇಷಧಾರಿಯೇ ಬಣ್ಣ ಒರೆಸಿಕೊಳ್ಳುತ್ತಿರುವುದೂ ಕಾಣುತ್ತದೆ. ಕತ್ತಲೆಯ ಸಭಾಂಗಣದಲ್ಲಿ, ಗೋಡೆಯ ನಾಲ್ಕೂ ಕಡೆಯಿಂದ ಗುಂಡಿನ ಸದ್ದು ಬರುತ್ತಿರುವಾಗ, ವಿಚಾರಣೆಯ ಹೆಸರಿನಲ್ಲಿ ಮನುಷ್ಯನೊಬ್ಬನನ್ನು ಕುರ್ಚಿಗೆ ಕಟ್ಟಿ ಹಿಂಸಿಸುವುದನ್ನು ಆಳೆತ್ತರಕ್ಕೂ ಮಿಕ್ಕ ಮುಖದಲ್ಲಿ ನೋಡುವ ಮಗುವಿಗೆ ಈ ಯಾವ ಆಸರೆಯೂ ಇರುವುದಿಲ್ಲ. ಗೂಢಚಾರರ ಸಿನಿಮಾಗಳಲ್ಲಿ ಇಂತಹ ದೃಶ್ಯ ಇಲ್ಲದಿರುವುದು ಅಪರೂಪ. ಮಗಳು ಬೇಡವೆಂದ ತಮ್ಮ ನಿರ್ಧಾರವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಆದರೆ ಮಂಗಳೂರಿನ ಪ್ರಯಾಣವನ್ನು ರದ್ದು ಮಾಡಬೇಡಿ. ಬೆಳಗ್ಗೆ ಬೇಗ ಹೊರಟು ಐದು ಮಂದಿಯೂ ಮೊದಲು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಗುರುಪುರ ನದಿಯೊಳಕ್ಕೆ ಯುದ್ಧನೌಕೆಗಳು ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕರಿಕಲ್ಲಿನಿಂದ ಕಟ್ಟಿಸಿದ ಕಾವಲು ಬುರುಜು ಅದು. ಫಿರಂಗಿಯ ಬಾಯಿ ಇಡುತ್ತಿದ್ದ ಕಿಂಡಿಗಳಲ್ಲಿ ಮಕ್ಕಳು ಕಣ್ಣಿಟ್ಟು ನೋಡಲಿ. ಶತ್ರುವಿನ ಹಡಗು ಎತ್ತ ಕಡೆಯಿಂದ ಬರಬಹುದು, ಬಂದದ್ದು ಒಳಗಿದ್ದವರಿಗೆ ಹೇಗೆ ತಿಳಿಯುತ್ತಿತ್ತು ಎಂದು ಅವರೇ ಲೆಕ್ಕ ಹಾಕಲಿ. ಬೇಹುಗಾರಿಕೆಯ ಮೊದಲ ಪಾಠ ಕಾದು ಕುಳಿತು ನೋಡುವುದು. ಅದಕ್ಕೆ ಪಿಸ್ತೂಲು ಬೇಡ.

ಅಲ್ಲಿಯೇ ಕುಳಿತು ಮಕ್ಕಳಿಗೆ ನೂರ್ ಇನಾಯತ್ ಖಾನ್ ಅವರ ಕಥೆ ಹೇಳಿ. ಟಿಪ್ಪುವಿನ ವಂಶಕ್ಕೆ ಸೇರಿದ ಈ ಹೆಣ್ಣುಮಗಳು ಸೂಫಿ ಸಂಗೀತಗಾರರೊಬ್ಬರ ಮಗಳು. ಬುದ್ಧನ ಹಿಂದಿನ ಜನ್ಮಗಳ ಜಾತಕ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಮರುನಿರೂಪಿಸಿ 1939ರಲ್ಲಿ ಪ್ರಕಟಿಸಿದವರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಅವರನ್ನು 1943ರ ಜೂನ್‌ನಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ವೈರ್‌ಲೆಸ್ ಆಪರೇಟರ್ ಆಗಿ ಕಳುಹಿಸಿತು. ಜತೆಗಿದ್ದವರು ಒಬ್ಬೊಬ್ಬರಾಗಿ ಸೆರೆಸಿಕ್ಕಿದ ಮೇಲೂ ಅವರು ಮರಳಲು ಒಪ್ಪದೆ, ಸೂಟ್‌ಕೇಸಿನಲ್ಲಿ ಯಂತ್ರವನ್ನು ಹೊತ್ತು ಮನೆಯಿಂದ ಮನೆಗೆ ಬದಲಾಗುತ್ತ, ಜರ್ಮನರ ವ್ಯಾನುಗಳು ಸಂಕೇತದ ಜಾಡು ಹಿಡಿಯುವ ಮುನ್ನ ಸಂದೇಶ ಮುಗಿಸುತ್ತ ಕೆಲಸ ಮುಂದುವರಿಸಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಸೆರೆಸಿಕ್ಕರು. 1944ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ದಾಖಾವ್ ಸೆರೆಶಿಬಿರದಲ್ಲಿ ಅವರನ್ನು ಕೊಂದರು. ಆಗ ಅವರಿಗೆ ಮೂವತ್ತು ವರ್ಷ. 1949ರಲ್ಲಿ ಮರಣೋತ್ತರವಾಗಿ ಬ್ರಿಟನ್ನಿನ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಸಂದಿತು. ಕೊನೆಯ ಭಾಗವನ್ನು ಮಗಳಿಗೆ ಎಷ್ಟು ಹೇಳಬೇಕೆಂಬುದು ತಮ್ಮ ವಿವೇಚನೆಗೆ ಬಿಟ್ಟದ್ದು. ಜಾತಕ ಕಥೆ ಬರೆದ ಭಾಗವನ್ನು ಮಾತ್ರ ಅವಳಿಗೆ ತಪ್ಪದೆ ಹೇಳಿ.

ಮಧ್ಯಾಹ್ನದ ಊಟವಾದ ಮೇಲೆ ಯಜಮಾನರು, ಮಗ, ಮಾವನವರು ಸಿನಿಮಾಕ್ಕೆ ಹೋಗಲಿ. ತಾವೂ ಮಗಳೂ ಬತ್ತೇರಿಯ ದಡದಿಂದ ದೋಣಿ ಹತ್ತಿ ತಣ್ಣೀರುಬಾವಿ ಕಡಲತೀರಕ್ಕೆ ಹೋಗಿ ಬನ್ನಿ. ಹಿಂದಿರುಗುವಾಗ ಕಾರಿನಲ್ಲಿ ಮಗನಿಗೊಂದು ಕೆಲಸ ಕೊಡಿ: ಸಿನಿಮಾದ ಕಥೆಯನ್ನು ತಂಗಿ ಹೆದರದ ಹಾಗೆ ಅವಳಿಗೆ ಹೇಳಬೇಕು. ಹದಿನಾಲ್ಕರ ಹುಡುಗನಿಗೆ ಇದು ಸಣ್ಣ ಜವಾಬ್ದಾರಿಯೇನಲ್ಲ. ಯಾವುದನ್ನು ಹೇಳಬಹುದು, ಯಾವುದನ್ನು ಬಿಡಬೇಕು ಎಂದು ಅವನೇ ಯೋಚಿಸುವಾಗ, ತಾಯಿ ಏಕೆ ಬೇಡವೆಂದರು ಎಂಬುದು ಅವನಿಗೆ ತಾನಾಗಿ ಹೊಳೆದೀತು.

ಮಾವನವರ ಉತ್ಸಾಹಕ್ಕೆ ಕಾರಣ ನನಗೆ ಗೊತ್ತು, ನಾನೂ ಅದೇ ಕಾಲದವಳು. ಡಾ. ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಕಾಣಿಸಿಕೊಂಡ, ದೊರೆ–ಭಗವಾನ್ ನಿರ್ದೇಶನದ ‘ಜೇಡರ ಬಲೆ’ ತೆರೆಗೆ ಬಂದದ್ದು 1968ರಲ್ಲಿ. ಚೀನಾ ಮತ್ತು ಪಾಕಿಸ್ತಾನದೊಡನೆ ನಡೆದ ಯುದ್ಧಗಳಲ್ಲಿ ಗುಪ್ತಮಾಹಿತಿಯ ಕೊರತೆ ಎದ್ದು ಕಂಡ ಮೇಲೆ, ಹೊರದೇಶಗಳ ಬೇಹುಗಾರಿಕೆಗೆಂದೇ ನಮ್ಮ ಸರಕಾರ ‘ರಾ’ ಸಂಸ್ಥೆಯನ್ನು ಸ್ಥಾಪಿಸಿ, ಆರ್.ಎನ್. ಕಾವ್ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿದ್ದೂ ಅದೇ ವರ್ಷ. ಮೊಮ್ಮಗನೊಡನೆ ಸಿನಿಮಾಕ್ಕೆ ಹೋಗುವ ಅವರ ಆಸೆಯನ್ನು ಈ ಜಗಳದಲ್ಲಿ ಮರೆಯಬೇಡಿ.

ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದವರು, ಮಂಗಳೂರು

ಅಮ್ಮಾ, ನಾನು ಬಹುಕಾಲ ಟಾಕೀಸಿನ ಬಾಗಿಲಲ್ಲಿ ನಿಂತು ಜನರನ್ನು ಕಂಡವನು. ಹೊಡೆದಾಟದ ಸಿನಿಮಾಕ್ಕೆ ಸಣ್ಣ ಮಕ್ಕಳನ್ನು ಕರೆತಂದ ಮನೆಯವರಲ್ಲಿ ಸಿನಿಮಾ ತಪ್ಪಿಹೋಗುತ್ತಿದ್ದದ್ದು ಹೆಚ್ಚಾಗಿ ಅಪ್ಪನಿಗೆ. ಮಗು ಅಳಲು ಶುರು ಮಾಡಿದರೆ ಅಕ್ಕಪಕ್ಕದವರು ಗದರುತ್ತಾರೆ. ಅಪ್ಪ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು, ಒಂದು ಕೈಯಲ್ಲಿ ಅದರ ಬೆನ್ನು ತಟ್ಟುತ್ತ ಇನ್ನೊಂದು ಕೈಯಲ್ಲಿ ಬಾಗಿಲ ಪರದೆ ಸರಿಸಿ ಉಳಿದ ಕಥೆಯನ್ನು ನಿಂತುಕೊಂಡೇ ನೋಡುತ್ತಾನೆ. ವರ್ಷವಿಡೀ ಕಾದು ಬಂದ ತಮ್ಮ ಯಜಮಾನರಿಗೆ ಹಾಗಾಗುವುದು ಬೇಡ. ಇದನ್ನು ಅವರಿಗೆ ಹೇಳಿ ನೋಡಿ. ಮಗಳ ಭಯದ ಮಾತಿಗಿಂತ ಈ ಮಾತು ಬೇಗ ತಲಪಬಹುದು.

ಸಿನಿಮಾಕ್ಕಾಗಿಯೇ ಮಂಗಳೂರಿಗೆ ಬರಬೇಕೇ ಎಂಬುದನ್ನೂ ಯೋಚಿಸಿ. ಬ್ರಹ್ಮಾವರದಿಂದ ಇಲ್ಲಿಗೆ ಸುಮಾರು 70 ಕಿ.ಮೀ.; ಹೆಜಮಾಡಿಯಲ್ಲಿ ಟೋಲ್, ಬೇಸಗೆಯ ಸೆಕೆ, ಮದುವೆ ಸೀಸನ್ನಿನ ವಾಹನದಟ್ಟಣೆ. ಸಿನಿಮಾ ಮುಗಿಸಿ ಸಂಜೆ ಹೊರಟರೆ ವಯಸ್ಸಾದ ಮಾವನವರು ಮನೆ ಸೇರುವಾಗ ಹೈರಾಣಾಗಿರುತ್ತಾರೆ. ಮಣಿಪಾಲದಲ್ಲಿಯೂ ಒಳ್ಳೆಯ ಪರದೆಗಳಿವೆ, ಅರ್ಧ ದಿನದಲ್ಲಿ ಹೋಗಿ ಬರಬಹುದು. ಆಗ ಮಗಳನ್ನು ಬಿಟ್ಟು ಹೋದದ್ದು ದೊಡ್ಡ ಸಂಗತಿಯೂ ಆಗುವುದಿಲ್ಲ. ಅಪ್ಪ ಬೆಳಗ್ಗೆ ಹೋಗಿ ಊಟದ ಹೊತ್ತಿಗೆ ಬಂದರು ಎಂದಷ್ಟೇ ಅವಳಿಗೆ ಅನ್ನಿಸುತ್ತದೆ.

ಶನಿವಾರ, ಭಾನುವಾರ ಬೇಡ. ವಾರದ ನಡುವಿನ ಬೆಳಗಿನ ಆಟಕ್ಕೆ ಬುಕ್ ಮಾಡಿ. ಹಿಂದೆಲ್ಲ ಗಾಂಧಿ ಕ್ಲಾಸಿನ ಮುಂದಿನ ಬೆಂಚಿಗಾಗಿ ಹುಡುಗರು ಹೊಡೆದಾಡುತ್ತಿದ್ದರು, ಈಗಲೂ ಮಕ್ಕಳು ಪರದೆಯ ಹತ್ತಿರ ಕೂರೋಣ ಎನ್ನುತ್ತಾರೆ. ಒಪ್ಪಬೇಡಿ. ದೊಡ್ಡ ಸ್ಪೀಕರುಗಳು ಪರದೆಯ ಹಿಂದೆಯೇ ಇರುವುದರಿಂದ ಮುಂದಿನ ಸಾಲಿನಲ್ಲಿ ಕುತ್ತಿಗೆಗೂ ಕಿವಿಗೂ ಕಷ್ಟ. ಹಿಂದಿನ ಸಾಲುಗಳಲ್ಲಿ, ನಡೆದಾಡುವ ದಾರಿಯ ಬದಿಯ ಸೀಟು ಮಾವನವರಿಗಿರಲಿ. ಇಂಟರ್‌ವಲ್ ತನಕ ಕಾಯಲಾಗದಿದ್ದರೆ ಯಾರ ಕಾಲನ್ನೂ ತುಳಿಯದೆ ಎದ್ದು ಹೋಗಬಹುದು. ಕಿವಿಗೆ ಶ್ರವಣಯಂತ್ರ ಹಾಕುವವರಾದರೆ ಒಳಗೆ ಹೋಗುವ ಮೊದಲೇ ಅದರ ಧ್ವನಿ ಇಳಿಸಿಕೊಳ್ಳಲಿ.

ಗಲ್ಫ್‌ನಿಂದ ಮರಳಿ ಊರಲ್ಲಿ ನೆಲೆಸಿದವರು, ಕಾಪು

ತಂಗೀ, ತಮ್ಮ ಪತ್ರವನ್ನು ನಾನು ತಮ್ಮ ಯಜಮಾನರ ಕಡೆಯಿಂದ ಓದಿದೆ. ಅಲ್ಲಿ ರಜೆಯ ದಿನ ರೂಮಿನಲ್ಲಿ ಕುಳಿತವನಿಗೆ ಊರಿನ ಮೂರು ವಾರ ಬಹಳ ದೊಡ್ಡದಾಗಿ ಕಾಣುತ್ತದೆ. ಬಜಪೆಯಲ್ಲಿ ಇಳಿದ ಮೇಲೆ ಅದು ಕರಗುವ ಬಗೆಯೇ ಬೇರೆ: ಎರಡು ಮದುವೆ, ಒಂದು ಗೃಹಪ್ರವೇಶ, ಕುಟುಂಬದ ಮನೆಯ ಕೋಲ, ಬ್ಯಾಂಕು, ತಹಶೀಲ್ದಾರರ ಕಚೇರಿ, ಯಾರದೋ ಆಸ್ಪತ್ರೆ. ಇವೆಲ್ಲದರ ನಡುವೆ, ಹೆಂಡತಿ, ಮಕ್ಕಳು, ಅಪ್ಪ ಎಲ್ಲರೂ ಒಂದೇ ಸಾಲಿನಲ್ಲಿ ತನ್ನ ಪಕ್ಕ ಕೂರುವ ಮೂರು ಗಂಟೆಗಳನ್ನು ಅವರು ಮನಸ್ಸಿನಲ್ಲೇ ಮೀಸಲಿಟ್ಟಿದ್ದಾರೆ. ಅದಕ್ಕೆ ಸಿಕ್ಕ ಹೆಸರು ಸಿನಿಮಾ. ‘ಮಗಳು ಬೇಡ’ ಎಂಬ ಮಾತು ಅಷ್ಟು ದೂರದಲ್ಲಿ ಕುಳಿತವರಿಗೆ ‘ಮಗಳ ಪಕ್ಕ ನೀವು ಬೇಡ’ ಎಂದು ಕೇಳಿಸಿರುತ್ತದೆ.

ಆದ್ದರಿಂದ ಬೇಡವೆಂಬ ಮಾತನ್ನು ಬರಿಗೈಯಲ್ಲಿ ಹೇಳಬೇಡಿ. ಅಪ್ಪ, ಮಗಳು ಇಬ್ಬರೇ ಇರುವ ಒಂದು ದಿನವನ್ನು ಅವರ ಮುಂದಿಡಿ. ಮಳೆಗಾಲಕ್ಕೆ ಮುನ್ನ ದೋಣಿಗಳು ನಿಲ್ಲುವುದರೊಳಗೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬರಲಿ. ಕಂಬಗಳನ್ನು ಜೋಡಿಸಿಟ್ಟಂತೆ ನಿಂತ ಆ ಕಲ್ಲುಗಳನ್ನು ಅವಳಿಗೆ ಅಪ್ಪನೇ ತೋರಿಸಲಿ. ಅಂದು ಮಗನೂ ಬೇಡ, ತಾವೂ ಬೇಡ. ಮಗಳೇ ಫೋನಿನಲ್ಲಿ ಅವರಿಗೆ ಇದನ್ನು ಕೇಳಿದರೆ ಇನ್ನೂ ಒಳ್ಳೆಯದು. ಒಂಬತ್ತು ವರ್ಷದ ಮಗಳ ಮನಸ್ಸಿನಲ್ಲಿ ಏನಿದೆಯೆಂದು ವೀಡಿಯೊ ಕಾಲ್‌ನಲ್ಲಿ ತಿಳಿಯುವುದಿಲ್ಲ. ರಾತ್ರಿ ಬೆಚ್ಚಿ ಏಳುವ ಮಗುವನ್ನು ಅವರು ಕಣ್ಣಾರೆ ಕಂಡಿರಲಾರರು. ಅದನ್ನು ದೂರಿನಂತೆ ಹೇಳದೆ, ಅವರು ತಿಳಿದಿರಬೇಕಾದ ಮನೆಯ ವಿಷಯವೆಂದು ನಿಧಾನವಾಗಿ ಹೇಳಿ.

ಇಬ್ಬರು ಮಕ್ಕಳ ತಾಯಿ, ಕದ್ರಿ

ಮೇಲಿನವರಂತೆ ಮನೆಯವರನ್ನು ಎರಡು ಪಾಲು ಮಾಡುವುದು ನನಗೆ ಇಷ್ಟವಿಲ್ಲ. ಅಣ್ಣ ಹೋದ, ನಾನು ಉಳಿದೆ ಎಂಬುದು ಮಗಳ ಮನಸ್ಸಿನಲ್ಲಿ ಉಳಿಯುತ್ತದೆ. ಸಿನಿಮಾ ಕೆಲವೇ ವಾರಗಳಲ್ಲಿ ಒ.ಟಿ.ಟಿ. ಮೂಲಕ, ಎಂದರೆ ಇಂಟರ್‌ನೆಟ್ ಮೂಲಕ, ಮನೆಯ ಟಿ.ವಿ.ಗೂ ಬರುತ್ತದೆ. 2021ರ ನಿಯಮಗಳ ಪ್ರಕಾರ ಅಲ್ಲಿಯೂ ವಯಸ್ಸಿನ ಗುರುತು ಇರುತ್ತದೆ, 13+ ಮತ್ತು ಅದಕ್ಕೆ ಮೇಲ್ಪಟ್ಟವುಗಳಿಗೆ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕುವ ವ್ಯವಸ್ಥೆಯೂ ಇರುತ್ತದೆ. ಮಗನ ಜತೆ ದೊಡ್ಡವರು ಆಗ ನೋಡಲಿ. ಈ ರಜೆಯಲ್ಲಿ ಐದು ಮಂದಿಗೂ ಆಗುವ, ‘ಯು’ ಪ್ರಮಾಣಪತ್ರದ ಬೇರೊಂದು ಸಿನಿಮಾವನ್ನು ಹುಡುಕಿ.

ಕಾಲೇಜು ವಿದ್ಯಾರ್ಥಿ, ಕಾರ್ಕಳ

ಅಕ್ಕಾ, ನಾನು ತಮ್ಮ ಮಗನಿಗಿಂತ ಹೆಚ್ಚು ದೊಡ್ಡವನಲ್ಲ, ಆದ್ದರಿಂದ ಅವನ ಪರವಾಗಿ ಬರೆಯುತ್ತಿದ್ದೇನೆ. ಬೇರೆ ಸಿನಿಮಾ ಹುಡುಕಿದರೆ ಅವನಿಗೆ ಸಮಾಧಾನವಾಗದು. ಶಾಲೆ ತೆರೆಯುವಷ್ಟರಲ್ಲಿ ಗೆಳೆಯರೆಲ್ಲ ಆ ಸಿನಿಮಾವನ್ನು ನೋಡಿರುತ್ತಾರೆ. ಅಪ್ಪನ ಜತೆ ನೋಡಿದೆ ಎಂದು ಅವರ ಮುಂದೆ ಹೇಳುವುದು ಅವನಿಗೆ ಬಹಳ ಮುಖ್ಯ. ಅವನ ಅಪ್ಪ ಊರಿನಲ್ಲಿರುವುದಿಲ್ಲ ಎಂಬುದನ್ನು ಅವನು ವರ್ಷವಿಡೀ ಕೇಳಿಸಿಕೊಂಡಿರುತ್ತಾನೆ. ತಂಗಿಗಾಗಿ ಅವನಿಗೂ ಇಲ್ಲವೆಂದರೆ ಸಿಟ್ಟು ತಂಗಿಯ ಮೇಲೆ ತಿರುಗುತ್ತದೆ.

ಅವನು ಮಾತು ಬಿಟ್ಟಿದ್ದರೆ ತಾವು ಬಿಡಬೇಡಿ. ಯಾವ ದಿನ, ಯಾವ ಆಟ, ಯಾವ ಸೀಟು ಎಂಬುದನ್ನೆಲ್ಲ ಅವನೇ ನೋಡಿ ಅಪ್ಪನಿಗೆ ತಿಳಿಸಲಿ. ಅಜ್ಜಯ್ಯನಿಗೆ ಹಿಂದಿ ಚೆನ್ನಾಗಿ ಬಾರದಿದ್ದರೆ ಕನ್ನಡಕ್ಕೆ ಡಬ್ ಆದ ಆಟ ಉಡುಪಿಯಲ್ಲೋ ಮಣಿಪಾಲದಲ್ಲೋ ಮಂಗಳೂರಿನಲ್ಲೋ ಇದೆಯೇ ಎಂದು ಅವನೇ ಹುಡುಕಲಿ. ಸಿಗದಿದ್ದರೆ ಅಜ್ಜಯ್ಯನ ಪಕ್ಕದ ಸೀಟು ಅವನದ್ದಾಗಲಿ. ಯಾರು ಯಾರ ಕಡೆಯವರು, ಯಾರು ಯಾರನ್ನು ಮೋಸ ಮಾಡುತ್ತಿದ್ದಾರೆ ಎಂದು ಕಿವಿಯಲ್ಲಿ ಹೇಳಿಕೊಡಲು ಒಬ್ಬರು ಬೇಕಾಗುತ್ತದೆ.