ಅನುಮತಿ ಪಡೆದು ಕೇಳಿದರೂ ಅದು ‘ಕದ್ದಾಲಿಕೆ’ಯೇ?

ಗೆಳೆಯರೇ,

ಒಂದು ಅನುವಾದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಫೋನ್ ಮಾತುಕತೆಯನ್ನು ಸರ್ಕಾರ ಕೇಳಿಸಿಕೊಳ್ಳುವ ಬಗ್ಗೆ ಕೇಂದ್ರ 2024ರಲ್ಲಿ ಹೊಸ ನಿಯಮ ತಂದಿದೆ. ಅದರ ಹೆಸರಲ್ಲೇ ‘ಲಾಫುಲ್ ಇಂಟರ್‌ಸೆಪ್ಶನ್’ ಎಂದಿದೆ. ನಾನು ಸುಮ್ನೆ ‘ಕಾನೂನುಬದ್ಧ ಕದ್ದಾಲಿಕೆ’ ಎಂದು ಬರೆದೆ. ಮತ್ತೆ ಓದಿದಾಗ ನಗು ಬಂತು. ಲೈಸೆನ್ಸ್ ಇರುವ ಕಳ್ಳತನ ಅಂದ ಹಾಗಾಯ್ತು, ಅಲ್ವಾ?

ಕದ್ದು, ಆಲಿಕೆ ಸೇರಿ ಕದ್ದಾಲಿಕೆ. ನಮ್ಮ ಕಿವಿಗೆ ಈ ಪದ ಹಗರಣದ ಜೊತೆಗೇ ಬರುತ್ತದೆ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದು ಫೋನ್ ಕದ್ದಾಲಿಕೆ ಆರೋಪದಿಂದಲೇ. ಆದರೆ ನಿಯಮದಲ್ಲಿರುವುದು ಬೇರೆ: ದೇಶದ ಭದ್ರತೆಯಂಥ ಕಾರಣ ಬೇಕು, ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಒಂದು ಆದೇಶಕ್ಕೆ 60 ದಿನ, ಮುಂದುವರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ಇಷ್ಟೆಲ್ಲ ಮಾಡಿ ಕೇಳುವವರನ್ನು ಕಳ್ಳರ ಸಾಲಿಗೆ ಸೇರಿಸಬಹುದೇ?

‘ಪ್ರತಿಬಂಧ’ ಹಾಕು ಎಂದರು ಒಬ್ಬ ಸ್ನೇಹಿತರು. ಅದನ್ನು ಓದಿದವರು ಫೋನೇ ಬಂದ್ ಮಾಡಿಸಿದರು ಅಂದುಕೊಳ್ಳುತ್ತಾರೆ. ‘ನಿಗಾ’ ಜಾಸ್ತಿ ಸಪ್ಪೆ, ಐಸಿಯುನಲ್ಲಿರುವ ರೋಗಿಯ ಮೇಲೂ ನಿಗಾ ಇಡುತ್ತಾರೆ. ಬರೀ ‘ಆಲಿಕೆ’ ಎಂದರೆ ಇನ್ನೂ ತಮಾಷೆ. ಸರ್ಕಾರ ನಮ್ಮ ಅಹವಾಲು ಆಲಿಸಿದಂತೆ ಕೇಳುತ್ತದೆ!

ಆಮೇಲೆ ನಮ್ಮ ಹಳೇ ಮನೆ ನೆನಪಾಯಿತು. ಹಾಲ್‌ನಲ್ಲಿ ಒಂದು ಫೋನು, ಮಹಡಿಯಲ್ಲಿ ಅದೇ ಲೈನಿನ ಇನ್ನೊಂದು. ನಾನು ಮಾತಾಡುವಾಗ ಮೇಲೆ ರಿಸೀವರ್ ಎತ್ತಿದರೆ ‘ಕಟಕ್’ ಅನ್ನುತ್ತಿತ್ತು. ಆಮೇಲೆ ಸಣ್ಣಗೆ ಉಸಿರಾಟ. ಅಪ್ಪನಿಗೆ ಕೇಳುವ ಅಧಿಕಾರ ಇರಲಿಲ್ಲ ಎಂದು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಆದರೂ ನಾವು ಅದನ್ನು ಕದ್ದು ಕೇಳೋದು ಅಂತಲೇ ಕರೆಯುತ್ತಿದ್ದೆವು. ಯಾಕೆಂದರೆ ‘ಕದ್ದು’ ಎಂದರೆ ಯಾವಾಗಲೂ ಕಳವು ಅಲ್ಲ. ಕದ್ದು ನೋಡುವುದು, ಕದ್ದುಮುಚ್ಚಿ ಓಡಾಡುವುದು ಇವುಗಳಲ್ಲಿ ಏನೂ ಕಳುವಾಗಿಲ್ಲ. ಎದುರಿನವರಿಗೆ ಗೊತ್ತಾಗದ ಹಾಗೆ ಮಾಡುವುದು, ಅಷ್ಟೇ.

ಹಾಗೆ ನೋಡಿದರೆ ಆದೇಶ ಇದ್ದರೂ ಅದು ಕದ್ದಾಲಿಕೆಯೇ. ಆದೇಶ ಬರುವುದು ಫೋನ್ ಕಂಪನಿಗೆ, ಮಾತಾಡುತ್ತಿರುವವರಿಗಲ್ಲ. ಅವರಿಗೆ ಈಗ ‘ಕಟಕ್’ ಕೂಡ ಕೇಳಿಸುವುದಿಲ್ಲ. ಫೋನಿನಲ್ಲಿ ಖಾಸಗಿಯಾಗಿ ಮಾತಾಡುವುದು ಖಾಸಗಿತನದ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆ ಹಕ್ಕನ್ನು ಬದಿಗಿಡುವ ಕೆಲಸಕ್ಕೆ ನಯವಾದ ಹೆಸರು ಕೊಡಲು ನನಗಂತೂ ಮನಸ್ಸಿಲ್ಲ.

ಸದ್ಯಕ್ಕೆ ‘ಆದೇಶದ ಮೇರೆಗೆ ಕದ್ದಾಲಿಕೆ’ ಎಂದು ಇಟ್ಟಿದ್ದೇನೆ. ಉದ್ದವಾಯಿತು, ಗೊತ್ತು. ಉತ್ತರ ಕರ್ನಾಟಕದ ಕಡೆ, ಕರಾವಳಿ ಕಡೆ ಮರೆಯಲ್ಲಿ ನಿಂತು ಕೇಳುವುದಕ್ಕೆ ಬೇರೆ ಮಾತಿದೆಯೇ? ಇದ್ದರೆ ವಾಕ್ಯದಲ್ಲಿ ಬಳಸಿ ತೋರಿಸಿ.