‘ಮಾರ್ಟ್‌ಗೇಜ್ ನೋಟ್’ ಅಂದರೆ ‘ಅಡಮಾನ ಪತ್ರ’ವೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ಕನ್ನಡಿಗರಿಗಾಗಿ ಹೂಡಿಕೆಯ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಮನೆಯನ್ನು ಕೊಳ್ಳದೆ, ಅದರ ಮೇಲಿರುವ ಸಾಲವನ್ನೇ ಕೊಂಡು ಕಂತು ಪಡೆಯುವ ‘ಮಾರ್ಟ್‌ಗೇಜ್ ನೋಟ್’ ವ್ಯವಹಾರದ ಬಗ್ಗೆ ಹೊಸಬರಿಗೆ ಅದರಲ್ಲಿ ಒಂದು ಅಧ್ಯಾಯವಿದೆ. ಕರಡಿನ ಮೊದಲ ವಾಕ್ಯ ಹೀಗಿದೆ: “ಅಡಮಾನ ಪತ್ರಗಳನ್ನು ರಿಯಾಯಿತಿಯಲ್ಲಿ ಖರೀದಿಸಿ, ಸಾಲಗಾರ ಕಂತು ಕಟ್ಟದಿದ್ದರೆ ಮನೆಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು.” ಈ ಪದಗಳು ಸರಿಯೇ? ‘ಪರ್ಫಾರ್ಮಿಂಗ್’ (ಕಂತು ಬರುತ್ತಿರುವ ಸಾಲ), ‘ನಾನ್‌ಪರ್ಫಾರ್ಮಿಂಗ್’ (ಕಂತು ನಿಂತ ಸಾಲ) ಎಂಬುದಕ್ಕೆ ‘ಉತ್ಪಾದಕ’, ‘ಅನುತ್ಪಾದಕ’ ಎಂದು ಹಾಕಿದ್ದೇವೆ. ಬಲ್ಲವರು ತಿದ್ದಬೇಕು.

ಉತ್ತರ 1

ಆ ಒಂದೇ ವಾಕ್ಯದಲ್ಲಿ ನಾಲ್ಕು ಪದಗಳು ಓದುವವರನ್ನು ದಾರಿ ತಪ್ಪಿಸುತ್ತವೆ. ಎಲ್ಲಕ್ಕಿಂತ ದುಬಾರಿ ತಪ್ಪು ಮೊದಲನೆಯದು.

ಅಮೆರಿಕದಲ್ಲಿ ಮನೆಸಾಲ ಕೊಡುವಾಗ ಎರಡು ಕಾಗದಗಳಿಗೆ ಸಹಿ ಬೀಳುತ್ತದೆ. ‘ಇಷ್ಟು ಅಸಲು, ಇಷ್ಟು ಬಡ್ಡಿ, ತಿಂಗಳಿಗೆ ಇಷ್ಟು ಕಂತು ಕಟ್ಟುತ್ತೇನೆ’ ಎಂದು ಬರೆದುಕೊಡುವ ಪ್ರಾಮಿಸರಿ ನೋಟ್ ಒಂದು. ವಾಣಿಜ್ಯದ ಪಠ್ಯಪುಸ್ತಕದಲ್ಲಿ ಇದು ವಚನಪತ್ರ, ಜನರ ಬಾಯಲ್ಲಿ ಪ್ರೋನೋಟು. ಆ ಮಾತಿಗೆ ಮನೆಯನ್ನು ಭದ್ರತೆಯಾಗಿ ಕೊಡುವ ಮಾರ್ಟ್‌ಗೇಜ್ ಇನ್ನೊಂದು. ನಾವು ಅಡಮಾನ ಪತ್ರ ಎನ್ನುವುದು ಈ ಎರಡನೆಯದನ್ನು; ಭಾರತದ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 58ನೆಯ ಕಲಮು ವಿವರಿಸುವುದೂ ಇದನ್ನೇ. ಆದರೆ ನೋಟ್ ಕೊಳ್ಳುವವರು ಹಣ ಕೊಡುವುದು ಮೊದಲನೆಯದಕ್ಕೆ. 1872ರಲ್ಲಿ ಕಾರ್ಪೆಂಟರ್ ವಿರುದ್ಧ ಲಾಂಗನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಹೇಳಿತು: ನೋಟ್ ಕೈ ಬದಲಿಸಿದರೆ ಮಾರ್ಟ್‌ಗೇಜ್ ಅದರ ಹಿಂದೆಯೇ ಹೋಗುತ್ತದೆ, ಬರೀ ಮಾರ್ಟ್‌ಗೇಜನ್ನು ವರ್ಗಾಯಿಸಿದರೆ ಅದಕ್ಕೆ ಬೆಲೆಯಿಲ್ಲ. ಆದ್ದರಿಂದ ನನ್ನ ಸಲಹೆ ‘ಅಡವಿನ ಸಾಲಪತ್ರ’, ಚಿಕ್ಕದಾಗಿ ‘ಸಾಲಪತ್ರ’. ‘ಗಿರವಿ’ ಬೇಡ, ಅದು ಒಡವೆ ಅಂಗಡಿಯ ನೆನಪು ತರುತ್ತದೆ. ‘ಭೋಗ್ಯ’ ಅಂತೂ ಖಂಡಿತ ಬೇಡ. ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ವಾಸಿಸುವುದೆಂದೇ ಬೆಂಗಳೂರಿನವರು ಓದಿಕೊಳ್ಳುತ್ತಾರೆ.

‘ಅಡಮಾನ ಪತ್ರ ಕೊಳ್ಳಿ’ ಎಂದು ಓದಿದ ಹೊಸಬರು ಕೌಂಟಿ (ಅಮೆರಿಕದ ಜಿಲ್ಲೆ) ಕಚೇರಿಯಲ್ಲಿ ದಾಖಲಾದ ಅಸೈನ್‌ಮೆಂಟ್ (ಮಾರ್ಟ್‌ಗೇಜ್ ವರ್ಗಾವಣೆಯ ಪತ್ರ) ನೋಡಿ, ಎಲ್ಲ ಸರಿಯಿದೆ ಎಂದು ಹಣ ಕಳಿಸುವ ಅಪಾಯವಿದೆ. ಕೇಳಬೇಕಾದದ್ದು ಶಾಯಿಯ ಸಹಿಯಿರುವ ಮೂಲ ನೋಟ್. ಅದರ ಮೇಲೆ ಮೊದಲು ಸಾಲ ಕೊಟ್ಟವರಿಂದ ಈಗ ಮಾರುತ್ತಿರುವವರವರೆಗೆ ಎಂಡಾರ್ಸ್‌ಮೆಂಟುಗಳ, ಅಂದರೆ ಹಕ್ಕನ್ನು ಮುಂದಿನವರಿಗೆ ಬರೆದುಕೊಟ್ಟ ಸಹಿಗಳ, ಸರಪಳಿ ಒಂದು ಕೊಂಡಿಯೂ ತಪ್ಪದೆ ಇರಬೇಕು. ನೋಟಿನಲ್ಲಿ ಜಾಗ ಸಾಲದಿದ್ದರೆ ‘ಅಲಾಂಜ್’ ಎಂಬ ಹಾಳೆಯನ್ನು ಜೋಡಿಸಿ ಅದರ ಮೇಲೆ ಬರೆಯುತ್ತಾರೆ. ಅದಕ್ಕೆ ‘ಅಂಟುಹಾಳೆ’ ಎನ್ನಬಹುದು. ಕೌಂಟಿಯಲ್ಲಿ ದಾಖಲಾದ ಅಸೈನ್‌ಮೆಂಟುಗಳ ಸರಪಳಿ ಬೇರೆಯೇ, ಅದೂ ಪೂರ್ತಿಯಾಗಿರಬೇಕು. ಎರಡರಲ್ಲಿ ಯಾವುದು ಹರಿದಿದ್ದರೂ ಕೋರ್ಟಿನಲ್ಲಿ ಎದುರು ವಕೀಲರು ಮೊದಲು ಕೈ ಹಾಕುವುದು ಅಲ್ಲಿಗೇ.

ಎಂಡಾರ್ಸ್‌ಮೆಂಟಿಗೆ ಬ್ಯಾಂಕಿನ ಕನ್ನಡದಲ್ಲಿ ‘ಹಿಂಬರಹ’ ಇದೆ, ಒಳ್ಳೆಯ ಪದ. ಆದರೆ ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಹಿಂಬರಹ ಎಂದರೆ ಅರ್ಜಿಗೆ ಬರೆದುಕೊಡುವ ಉತ್ತರ. ಹಾಗಾಗಿ ಮೊದಲ ಸಲ ಬಳಸುವಾಗ ‘ಹಕ್ಕು ವರ್ಗಾವಣೆಯ ಹಿಂಬರಹ’ ಎಂದು ಬಿಡಿಸಿ ಬರೆಯಿರಿ.

ಇನ್ನು ‘ರಿಯಾಯಿತಿ’. ಈ ಪದ ಕೇಳಿದರೆ ಸಾಲ ಪಡೆದವರಿಗೇ ಬಾಕಿ ಇಳಿದಂತೆ ತೋರುತ್ತದೆ. ಅವರ ಬಾಕಿ ಒಂದು ಡಾಲರೂ ಇಳಿಯುವುದಿಲ್ಲ. ಹುಂಡಿ (ಹಳೆಯ ವರ್ತಕರ ಹಣಪತ್ರ) ವ್ಯವಹಾರದ ‘ವಟ್ಟ’ ಇಲ್ಲಿ ಸರಿಯಾಗಿ ಕೂರುತ್ತದೆ: ಮುಂದೆ ಬರುವ ಹಣವನ್ನು ಇಂದೇ ಕಡಿಮೆ ಬೆಲೆಗೆ ಕೊಳ್ಳುವುದು. ಲೆಕ್ಕ ಕೊಟ್ಟರೆ ಪದವೂ ನಿಲ್ಲುತ್ತದೆ. ಬಾಕಿ ಅಸಲು 60,000 ಡಾಲರ್, ಬಡ್ಡಿ ಶೇ 8, ಉಳಿದ ಕಂತು 120 ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 728 ಡಾಲರ್. ಕೊಳ್ಳುವವರಿಗೆ ವರ್ಷಕ್ಕೆ ಶೇ 12 ಗಳಿಕೆ ಬೇಕೆಂದರೆ ಅವರು ಕೊಡಬಹುದಾದ ಬೆಲೆ ಸುಮಾರು 50,740 ಡಾಲರ್, ಅಂದರೆ ಬಾಕಿ ಅಸಲಿನ ಶೇ 84.6ರಷ್ಟು. ಕಂತು ವಸೂಲಿಗೆ ತಿಂಗಳಿಗೆ 30 ಡಾಲರ್ ಖರ್ಚಾಗುತ್ತದೆಂದು ಹಿಡಿದರೆ ಅದೇ ಗಳಿಕೆಗೆ ಬೆಲೆ 48,650ರ ಆಸುಪಾಸಿಗೆ ಇಳಿಯುತ್ತದೆ. ಹೊಸಬರು ಎಡವುವುದು ಇಲ್ಲೇ: 30 ಡಾಲರು ಏನು ಮಹಾ ಎಂದು ಬಿಟ್ಟರೆ 2,000 ಡಾಲರಿಗೂ ಹೆಚ್ಚು ತೆತ್ತಂತೆ. ಸಾಲ ಪಡೆದವರು ತಿಂಗಳಿಗೆ ಕಳಿಸುವ ಮೊತ್ತದಲ್ಲಿ ಮನೆತೆರಿಗೆ, ವಿಮೆಯ ಪಾಲೂ ಸೇರಿರಬಹುದು. ಅದನ್ನು ಕಂತೆಂದು ಎಣಿಸಿದರೆ ಇಡೀ ಲೆಕ್ಕ ಕೆಟ್ಟಿತು. ಅಧ್ಯಾಯದಲ್ಲಿ ‘ಕಂತು’ ಎಂಬ ಪದವನ್ನು ಅಸಲು ಬಡ್ಡಿಗೆ ಮಾತ್ರ ಮೀಸಲಿಡಿ.

‘ಮುಟ್ಟುಗೋಲು’ ಸರ್ಕಾರವೋ ಕೋರ್ಟೋ ಸ್ವತ್ತನ್ನು ವಶಪಡಿಸಿಕೊಳ್ಳುವುದು. ಸಾಲಪತ್ರ ಕೊಂಡವರಿಗೆ ಆ ಅಧಿಕಾರವಿಲ್ಲ. ಹಾಗೆಂದು ‘ಫೋರ್‌ಕ್ಲೋಶರ್’ ಎಂದೇ ಬಿಡುವಂತೆಯೂ ಇಲ್ಲ, ಏಕೆಂದರೆ ಭಾರತದಲ್ಲಿ ‘ಲೋನ್ ಫೋರ್‌ಕ್ಲೋಸ್ ಮಾಡಿದೆ’ ಎಂದರೆ ಅವಧಿಗೆ ಮೊದಲೇ ಸಾಲ ತೀರಿಸಿದೆ ಎಂದರ್ಥ. ಅಮೆರಿಕದಲ್ಲಿ ಅದೇ ಪದಕ್ಕೆ ಮನೆ ಕಳೆದುಕೊಳ್ಳುವುದೆಂಬ ಅರ್ಥ. ‘ಅಡವಿನ ಹರಾಜು’ ಎನ್ನಿ. ಅದೂ ತಕ್ಷಣದ ಕೆಲಸವಲ್ಲ. ವಾಸದ ಮನೆಯಾದರೆ ಸಾಮಾನ್ಯವಾಗಿ ಕಂತು ನಿಂತು 120 ದಿನ ದಾಟುವ ತನಕ ಮೊದಲ ಕಾನೂನು ನೋಟಿಸನ್ನೇ ಕೊಡುವಂತಿಲ್ಲ. ಆಮೇಲೆ ರಾಜ್ಯದ ದಾರಿ. ಟೆಕ್ಸಸ್‌ನಲ್ಲಿ ಕೋರ್ಟಿಗೆ ಹೋಗದೆಯೇ, 21 ದಿನ ಮುಂಚೆ ಹರಾಜು ನೋಟಿಸು ಕೊಟ್ಟು, ತಿಂಗಳ ಮೊದಲ ಮಂಗಳವಾರ ಕೌಂಟಿಯಲ್ಲಿ ಹರಾಜು ನಡೆಯುತ್ತದೆ. ನ್ಯೂಜೆರ್ಸಿ, ನ್ಯೂಯಾರ್ಕ್, ಫ್ಲಾರಿಡಾಗಳಲ್ಲಿ ದಾವೆ ಹೂಡಲೇಬೇಕು. ಅಷ್ಟೂ ದಿನ ಮನೆತೆರಿಗೆ, ವಿಮೆ, ವಕೀಲರ ಶುಲ್ಕ ಸಾಲಪತ್ರ ಹಿಡಿದವರ ಕೈಯಿಂದಲೇ ಹೋಗುತ್ತದೆ. ಕಂತು ನಿಂತ ಎರಡು ಸಾಲಗಳಿಗೆ ಒಂದೇ ವಟ್ಟ ಇದ್ದರೂ, ರಾಜ್ಯ ಬೇರೆಯಾದರೆ ಅವು ಒಂದೇ ಬೆಲೆಯ ಸರಕಲ್ಲ.

‘ಉತ್ಪಾದಕ’, ‘ಅನುತ್ಪಾದಕ’ ಪತ್ರಿಕೆಗಳ ಪದಗಳು, ಬಾಯಿಗೆ ಬರುವುದಿಲ್ಲ. ನಮ್ಮ ಸಹಕಾರ ಸಂಘಗಳಲ್ಲಿ ಕಂತು ತಪ್ಪಿದವರು ‘ಸುಸ್ತಿದಾರ’ರು, ಆ ಸಾಲ ‘ಸುಸ್ತಿ ಸಾಲ’. ಕಂತು ಬರುತ್ತಿರುವುದು ‘ಚಾಲ್ತಿ ಸಾಲ’. ಇವನ್ನೇ ತಂದುಕೊಳ್ಳಿ, 90 ದಿನ ದಾಟಿದ್ದು ಸುಸ್ತಿ ಎಂದು ಒಮ್ಮೆ ಹೇಳಿದರೆ ಸಾಕು. ಹೊಸಬರು ಚಾಲ್ತಿ ಸಾಲದಿಂದ ಶುರುಮಾಡಲಿ, ಅದರಲ್ಲೂ ಕನಿಷ್ಠ 12 ತಿಂಗಳ ಕಂತಿನ ದಾಖಲೆ ಇರುವುದರಿಂದ ಎಂಬುದನ್ನು ಅಲ್ಲೇ ಸೇರಿಸಿ.

ಉತ್ತರ 2

ಮೇಲಿನವರು ‘ಸಾಲಗಾರ’ವನ್ನು ನಾಲ್ಕರಲ್ಲಿ ಎಣಿಸಿಯೂ ವಿವರಿಸದೆ ಬಿಟ್ಟಿದ್ದಾರೆ. ಇದು ಎರಡು ಬಾಯಿಯ ಪದ. ಬರಹದಲ್ಲಿ ಸಾಲ ಪಡೆದವನು. ಆದರೆ ‘ಸಾಲಗಾರರ ಕಾಟ ತಡೆಯಲಾಗುತ್ತಿಲ್ಲ’ ಎನ್ನುವಾಗ ಸಾಲ ಕೊಟ್ಟವರು. ಈ ಅಧ್ಯಾಯದಲ್ಲಿ ಕೊಟ್ಟವರು, ಕೊಂಡವರು, ಪಡೆದವರು ಎಂದು ಮೂವರಿರುವುದರಿಂದ ಆ ಪದವನ್ನೇ ಕೈಬಿಡಿ.

‘ಲಿಯನ್’ (ಸಾಲಕ್ಕಾಗಿ ಸ್ವತ್ತಿನ ಮೇಲಿರುವ ಹಕ್ಕು) ಎಂಬುದಕ್ಕೆ ಉತ್ತರ ಕರ್ನಾಟಕದ ‘ಬೋಜಾ’ ಹೇಳಿ ಮಾಡಿಸಿದಂತಿದೆ. ಉತಾರದಲ್ಲಿ (ಪಹಣಿಯಲ್ಲಿ) ಬ್ಯಾಂಕಿನ ಬೋಜಾ ಏರಿಸುವುದು, ಇಳಿಸುವುದು ಅಲ್ಲಿ ದಿನದ ಮಾತು. ಮೊದಲ ಬೋಜಾ, ಎರಡನೆಯ ಬೋಜಾ ಎಂದರೆ ಸರದಿ ತಾನಾಗಿ ಅರ್ಥವಾಗುತ್ತದೆ. ಎರಡನೆಯ ಬೋಜಾದ ಸಾಲಪತ್ರ ಅಗ್ಗಕ್ಕೆ ಸಿಗುವುದಕ್ಕೆ ಕಾರಣವಿದೆ: ಮೊದಲನೆಯವರು ಹರಾಜು ಹಾಕಿಸಿದರೆ ಎರಡನೆಯದರ ಹಿಡಿತ ಮನೆಯ ಮೇಲಿಂದ ಅಳಿಯುತ್ತದೆ, ಹರಾಜಿನಲ್ಲಿ ಮಿಕ್ಕ ಹಣವಿದ್ದರೆ ಮಾತ್ರ ಕೈಗೆ ಏನಾದರೂ ಬರುತ್ತದೆ. ಬಾಕಿ ಬಿದ್ದ ಮನೆತೆರಿಗೆ ಈ ಎರಡಕ್ಕಿಂತಲೂ ಮುಂದೆ ನಿಲ್ಲುತ್ತದೆ, ಮಾರ್ಟ್‌ಗೇಜ್ ದಾಖಲಾದ ಮೇಲೆ ಬಿದ್ದ ತೆರಿಗೆಯಾದರೂ ಸರಿಯೇ. ಹಣ ಕೊಡುವ ಮೊದಲು ತರಿಸುವ ‘ಓನರ್‌ಶಿಪ್ ಆ್ಯಂಡ್ ಎನ್‌ಕಂಬ್ರೆನ್ಸ್’ ವರದಿಗೆ ‘ಋಣಭಾರ ವರದಿ’ ಎನ್ನಿ, ನಮ್ಮ ಇಸಿ ಕಂಡವರಿಗೆ ಕೂಡಲೇ ತಿಳಿಯುತ್ತದೆ.

ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳಲ್ಲಿ ಮಾರ್ಟ್‌ಗೇಜಿನ ಜಾಗದಲ್ಲಿ ‘ಡೀಡ್ ಆಫ್ ಟ್ರಸ್ಟ್’ ಇರುತ್ತದೆ. ಅದನ್ನು ‘ನ್ಯಾಸಪತ್ರ’ ಎಂದರೆ ಮಠದ್ದೋ ಶಾಲೆಯದ್ದೋ ಟ್ರಸ್ಟ್ ಎಂದುಕೊಳ್ಳುತ್ತಾರೆ. ‘ಮಧ್ಯಸ್ಥರ ಕೈಯ ಅಡವು’ ಎಂದು ವಿವರಿಸಿ, ಹರಾಜು ಹಾಕುವ ಅಧಿಕಾರ ಆ ಮಧ್ಯಸ್ಥರಿಗಿರುತ್ತದೆ ಎಂದು ಹೇಳಿ.

ಒಂದು ಸಾಲು ಎಚ್ಚರಿಕೆಯೂ ಇರಲಿ: ಕೈಪಿಡಿ ಊರಿನ ನೆಂಟರ ಕೈಗೂ ಹೋಗುತ್ತದೆ. ಭಾರತದಲ್ಲಿ ಬ್ಯಾಂಕಿನ ಮನೆಸಾಲವನ್ನು ಬಿಡಿ ವ್ಯಕ್ತಿ ಹೀಗೆ ಕೊಳ್ಳುವಂತಿಲ್ಲ. ಯಾರು ಕೊಳ್ಳಬಹುದೆಂಬುದನ್ನು ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಗೊತ್ತುಮಾಡುತ್ತವೆ.

ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದ. ‘ಸರ್ವಿಸರ್’ಗೆ ‘ವಸೂಲಿ ಏಜೆಂಟ್’ ಎಂದಿದ್ದೇವೆ. ನಡೆಯುತ್ತದೆಯೇ?

ಉತ್ತರ 1

ಬೇಡ. ವಸೂಲಿ ಏಜೆಂಟ್ ಎಂದರೆ ಬಾಗಿಲಿಗೆ ಬಂದು ಗದರಿಸುವವರು ಎಂದೇ ನಮ್ಮಲ್ಲಿ ತಿಳಿಯುತ್ತಾರೆ. ಸರ್ವಿಸರ್ ಕಂತು ಪಡೆದು ಲೆಕ್ಕ ಬರೆಯುತ್ತಾರೆ, ತೆರಿಗೆ ವಿಮೆಯ ಹಣವನ್ನು ಬೇರೆಯಾಗಿಟ್ಟು ಕಟ್ಟುತ್ತಾರೆ, ವರ್ಷದ ಬಡ್ಡಿಯ ಚೀಟಿ ಕಳಿಸುತ್ತಾರೆ. ‘ಸಾಲ ನಿರ್ವಾಹಕರು’ ಸರಿಹೋಗುತ್ತದೆ. ನಿರ್ವಾಹಕರು ಬದಲಾದಾಗ ಹಳಬರು 15 ದಿನ ಮುಂಚೆ, ಹೊಸಬರು 15 ದಿನದೊಳಗೆ ಸಾಲ ಪಡೆದವರಿಗೆ ಪತ್ರ ಬರೆಯಬೇಕು. ಬದಲಾದ 60 ದಿನಗಳ ತನಕ ಕಂತು ಸಕಾಲಕ್ಕೆ ಹಳಬರ ವಿಳಾಸಕ್ಕೆ ಹೋದರೂ ಅದನ್ನು ತಡವೆಂದು ಎಣಿಸುವಂತಿಲ್ಲ. ಸಾಲಪತ್ರ ಕೊಂಡ ಮೊದಲ ತಿಂಗಳು ಕಂತು ಬಾರದಿದ್ದರೆ ಮೊದಲು ಹಳೆಯ ನಿರ್ವಾಹಕರನ್ನು ಕೇಳಬೇಕು. ಅಷ್ಟರಲ್ಲೇ ‘ಸುಸ್ತಿ’ ಎಂದು ಬರೆಯಬಾರದು.