ಪದಚರ್ಚೆ: ಯುದ್ಧನೌಕೆ ನಿರ್ಮಾಣದ ‘ಪ್ರೋಗ್ರಾಂ’ಗೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಪ್ರಶ್ನೆ

ಮಾನ್ಯರೇ, ಯುದ್ಧನೌಕೆ ಕಟ್ಟುವ ಎಂಜಿನಿಯರುಗಳಿಗೆಂದು ಬರೆದ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅದು ಅಚ್ಚಿಗೆ ಹೋಗಬೇಕು. ಒಂದೇ ಪದ ಮೂರು ದಿನಗಳಿಂದ ನನ್ನನ್ನು ಕಟ್ಟಿಹಾಕಿದೆ.

ಮೂಲದಲ್ಲಿ ಪ್ರಾಜೆಕ್ಟ್ ಬೇರೆ, ಪ್ರೋಗ್ರಾಂ ಬೇರೆ. ಹಡಗಿನ ಒಡಲು, ಎಂಜಿನ್, ನೀರಿನಡಿಯ ವಸ್ತುಗಳನ್ನು ಸದ್ದಿನಿಂದ ಪತ್ತೆಹಚ್ಚುವ ಸೋನಾರ್, ಕ್ಷಿಪಣಿ ಒಂದೊಂದೂ ಒಂದು ಪ್ರಾಜೆಕ್ಟ್. ಅವುಗಳ ಗುತ್ತಿಗೆದಾರರು ಬೇರೆ, ಗಡುವುಗಳೂ ಬೇರೆ. ಇವನ್ನೆಲ್ಲ ಒಂದು ಕೈಯಲ್ಲಿ ಹಿಡಿದು, ಒಂದೇ ವರ್ಗದ ಹಲವು ಹಡಗುಗಳನ್ನು ಕಡಲಿಗಿಳಿಸಿ, ಅವು ದಶಕಗಳ ದುರಸ್ತಿ, ನವೀಕರಣ ಕಂಡು ಸೇವೆಯಿಂದ ನಿವೃತ್ತವಾಗುವವರೆಗೂ ನಡೆಸುವುದು ಪ್ರೋಗ್ರಾಂ. ಎರಡಕ್ಕೂ ‘ಯೋಜನೆ’ ಎಂದು ಬರೆದೆ. ಓದಿದಾಗ ಯಾರ ಹೊಣೆ ಎಲ್ಲಿ ಮುಗಿಯುತ್ತದೆ ಎಂಬುದೇ ಅಳಿಸಿಹೋಗಿತ್ತು. ‘ಕಾರ್ಯಕ್ರಮ’ ಎಂದರೆ ವೇದಿಕೆ, ಸ್ವಾಗತ ಭಾಷಣ ಕಣ್ಣಿಗೆ ಕಟ್ಟುತ್ತವೆ. ದಯವಿಟ್ಟು ಇಂದೇ ತಿಳಿಸಿ.

ಮೊದಲ ಉತ್ತರ

‘ಯೋಜನೆ’ಯನ್ನು ಕೈಬಿಡಬೇಡಿ. ಧಾತು ‘ಯುಜ್’: ಕೂಡಿಸುವುದು, ನೊಗಕ್ಕೆ ಹೂಡುವುದು. ಯೋಗ, ಸಂಯೋಜನೆ, ನಿಯೋಜನೆ ಎಲ್ಲವೂ ಅದರ ಮಕ್ಕಳೇ. ನೀವು ಹೇಳುವ ಕೆಲಸದ ತಿರುಳೂ ಕೂಡಿಸುವುದೇ ಅಲ್ಲವೇ?

ಜಲಾಂತರ್ಗಾಮಿಯಿಂದ ಹಾರಿಸಲೆಂದು ಅಮೆರಿಕ ನೌಕಾಪಡೆ ರೂಪಿಸಿದ ಪೊಲಾರಿಸ್ ಕ್ಷಿಪಣಿಯನ್ನು ನೆನಪಿಸಿಕೊಳ್ಳಿ. ಕ್ಷಿಪಣಿಯನ್ನು ಒಬ್ಬರು ರೂಪಿಸುತ್ತಿದ್ದರು, ಜಲಾಂತರ್ಗಾಮಿಯನ್ನು ಇನ್ನೊಬ್ಬರು ಕಟ್ಟುತ್ತಿದ್ದರು. ಹೊಸ ಒಡಲಿಗಾಗಿ ಕಾಯಲು ಸಮಯವಿರಲಿಲ್ಲ. ಆಗಲೇ ಕಟ್ಟುತ್ತಿದ್ದ ದಾಳಿ ಜಲಾಂತರ್ಗಾಮಿಯೊಂದರ ಒಡಲನ್ನು ಕತ್ತರಿಸಿ, ನಡುವೆ ಕ್ಷಿಪಣಿಗಳ ಭಾಗವನ್ನು ಸೇರಿಸಿದರು. ಹಾಗೆ ಸಿದ್ಧವಾದ ‘ಜಾರ್ಜ್ ವಾಷಿಂಗ್ಟನ್’ 1959ರ ಡಿಸೆಂಬರಿನಲ್ಲಿ ಸೇವೆಗೆ ಸೇರಿತು. 1960ರ ಜುಲೈನಲ್ಲಿ ನೀರಿನಡಿಯಿಂದ ಕ್ಷಿಪಣಿ ಹಾರಿಸಿತು. ಎಲ್ಲರ ಗಡುವುಗಳನ್ನೂ ಒಂದಕ್ಕೊಂದು ಹೊಂದಿಸಲು ‘ಪರ್ಟ್’ ಎಂಬ ಜಾಲಚಿತ್ರ ವಿಧಾನ ಹುಟ್ಟಿದ್ದೂ ಅಲ್ಲಿಯೇ, 1958ರ ಹೊತ್ತಿಗೆ. ಆ ಹೆಸರಿನ ಮೊದಲಕ್ಷರ ‘ಪಿ’ ಎಂದರೆ ನಿಮ್ಮ ಪ್ರೋಗ್ರಾಂ ಎಂದೇ! ಅದು ಯೋಜನೆ, ಧಾತ್ವರ್ಥದಲ್ಲಿಯೇ. ಬಿಡಿಭಾಗಗಳಿಗೆ ‘ಉಪಯೋಜನೆ’, ಇಡಿಯದಕ್ಕೆ ‘ಮಹಾಯೋಜನೆ’ ಎನ್ನಿ.

ಎರಡನೆಯ ಉತ್ತರ

ಒಪ್ಪುವುದಿಲ್ಲ. ಓದುಗನ ಬಳಿ ಧಾತುಪಾಠ ಇರುವುದಿಲ್ಲ. ಯೋಜನೆಗೆ ಉಪ, ಮಹಾ ಎಂದು ಬಾಲ, ಕೊಂಬು ಅಂಟಿಸುವುದು ಪದ ಕಟ್ಟುವ ಕೆಲಸವಲ್ಲ. ಕನ್ನಡದ್ದೇ ಆದ ‘ಹಮ್ಮುಗೆ’ ಇದೆ. ‘ಹಮ್ಮಿಕೊಳ್ಳು’ ಎಂಬುದನ್ನು ದಿನವೂ ಬರೆಯುತ್ತೇವೆ, ಅದರ ಹೆಸರುಪದವನ್ನು ಮಾತ್ರ ದೂರವಿಡುತ್ತೇವೆ. ಪ್ರಾಜೆಕ್ಟಿಗೆ ‘ಹಮ್ಮುಗೆ’, ಪ್ರೋಗ್ರಾಮಿಗೆ ‘ಕೂಡುಹಮ್ಮುಗೆ’. ಮುಗಿಯಿತು.

ಮೂರನೆಯ ಉತ್ತರ

ಮುಗಿಯಲಿಲ್ಲ. ‘ಹಮ್ಮುಗೆ’ ಎಂದೊಡನೆ ಹಮ್ಮುಬಿಮ್ಮು ನೆನಪಾಗುತ್ತದೆ. ಮೂಲ ಬೇರೆ ಎಂದು ಅಡಿಟಿಪ್ಪಣಿ ಹಾಕಿ ಹಡಗು ಕಟ್ಟಲಾಗುವುದಿಲ್ಲ.

ಇಲ್ಲಿ ಯಾರೂ ಗಮನಿಸದ ತೊಡಕೊಂದಿದೆ. ಭಾರತದ ನೌಕಾಪಡೆಯಲ್ಲಿ ‘ಪ್ರಾಜೆಕ್ಟ್ 75’ ಎಂದರೆ ಕಲ್ವರಿ ವರ್ಗದ ಆರು ಜಲಾಂತರ್ಗಾಮಿಗಳು. ‘ಪ್ರಾಜೆಕ್ಟ್ 17ಎ’ ಎಂದರೆ ಏಳು ಫ್ರಿಗೇಟುಗಳು (ಮಧ್ಯಮ ಗಾತ್ರದ ಯುದ್ಧನೌಕೆಗಳು), ನಾಲ್ಕು ಮುಂಬಯಿಯಲ್ಲಿ, ಮೂರು ಕೋಲ್ಕತಾದಲ್ಲಿ. ಕೇಳಿದವರ ವಿವರಣೆಯಂತೆ ಇವು ಪ್ರೋಗ್ರಾಂಗಳು, ಹೆಸರಿನಲ್ಲಿರುವುದು ಪ್ರಾಜೆಕ್ಟ್. ರಷ್ಯನ್ನರ ‘ಪ್ರೊಯೆಕ್ಟ್’ ಎಂಬುದಕ್ಕೆ ವಿನ್ಯಾಸ ಎಂಬ ಅರ್ಥವೂ ಇದೆ. ಅವರ ಹಡಗು ವರ್ಗಗಳಿಗೆ ಅದೇ ಪದ ಮತ್ತು ಒಂದು ಸಂಖ್ಯೆ. ಆದ್ದರಿಂದ ಇವು ಅಂಕಿತನಾಮಗಳು. ‘ಹಮ್ಮುಗೆ 75’, ‘ಉಪಯೋಜನೆ 17ಎ’ ಎಂದು ಬರೆದರೆ ಶುದ್ಧ ತಪ್ಪು.

ಇದಕ್ಕಿಂತ ಕೆಟ್ಟದ್ದು ‘ಲೋಕಾರ್ಪಣೆ’. ಹಡಗು ಮೊದಲ ಬಾರಿ ನೀರಿಗಿಳಿಯುವುದಕ್ಕೂ ಅದೇ ಪದ, ನೌಕಾಪಡೆಗೆ ಸೇರುವುದಕ್ಕೂ ಅದೇ ಪದ. ನಮ್ಮ ಈಗಿನ ವಿಮಾನವಾಹಕ ನೌಕೆ ವಿಕ್ರಾಂತ್ ನೀರಿಗಿಳಿದದ್ದು 2013ರ ಆಗಸ್ಟಿನಲ್ಲಿ, ಸೇವೆಗೆ ಸೇರಿದ್ದು 2022ರ ಸೆಪ್ಟೆಂಬರ್ 2ರಂದು. ತಂತಿ ಎಳೆದು, ಯಂತ್ರ ಕೂರಿಸಿ, ಬಂದರಿನಲ್ಲಿಯೂ ಕಡಲಿನಲ್ಲಿಯೂ ಪರೀಕ್ಷೆ ನಡೆಸಿದ ಒಂಬತ್ತು ವರ್ಷಗಳನ್ನು ಒಂದು ಪದ ನುಂಗಿಬಿಡುತ್ತದೆ. ಮೊದಲನೆಯದು ಜಲಾವತರಣ, ಎರಡನೆಯದು ಸೇವಾ ಸೇರ್ಪಡೆ. ಇದರಲ್ಲಿ ರಾಜಿ ಬೇಡ.

ಎರಡನೆಯವರಿಂದ ಮತ್ತೆ

‘ನೀರಿಗಿಳಿತ’ ಎಂದರೆ ಏನು ಕೊರತೆ? ಜಲವೂ ಬೇಕಿಲ್ಲ, ಅವತರಣವೂ ಬೇಕಿಲ್ಲ. ನಮಗೆ ‘ಹಡಗು’ ಸಾಲದೆ ‘ನೌಕೆ’ ತಂದವರು ಈಗ ಪ್ರಾಜೆಕ್ಟನ್ನೂ ಹಾಗೆಯೇ ಉಳಿಸಿಕೊಳ್ಳಿ ಎನ್ನುತ್ತಿದ್ದಾರೆ. ಹೀಗೆ ಸಾಗಿದರೆ ಕನ್ನಡಕ್ಕೆ ವಿಭಕ್ತಿ ಪ್ರತ್ಯಯಗಳಷ್ಟೇ ಉಳಿಯುತ್ತವೆ.

ಮೊದಲನೆಯವರಿಂದ ಮತ್ತೆ

ಲಂಗರು ಪಾರಸಿಯದು, ಬಂದರೂ ಪಾರಸಿಯದು. ಅವನ್ನು ಕಿತ್ತುಹಾಕಿ ಹಡಗನ್ನು ಎಲ್ಲಿ ನಿಲ್ಲಿಸುತ್ತೀರಿ? ಕಡಲ ಕಸುಬು ಎಲ್ಲ ಭಾಷೆಗಳಲ್ಲಿಯೂ ಕೊಂಡ ಪದಗಳಿಂದಲೇ ಬೆಳೆದಿದೆ. ಆದರೆ ‘ನೀರಿಗಿಳಿತ’ ಒಳ್ಳೆಯ ಪದ, ಅದನ್ನು ನಾನು ಒಪ್ಪುತ್ತೇನೆ.

ಮೂರನೆಯವರಿಂದ ಮತ್ತೆ

ನಾನೂ ಒಪ್ಪುತ್ತೇನೆ. ಹಮ್ಮುಗೆಯನ್ನು ಒಪ್ಪುವುದಿಲ್ಲ.

ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪ್ರಾಜೆಕ್ಟಿಗೆ ‘ಯೋಜನೆ’, ಪ್ರೋಗ್ರಾಮಿಗೆ ‘ಮಹಾಯೋಜನೆ’ ಎಂದು ಇಟ್ಟಿದ್ದೇನೆ. ‘ಉಪಯೋಜನೆ’ಯನ್ನು ಬಿಟ್ಟೆ, ಎಂಜಿನ್ ಕಟ್ಟುವವರ ಕೆಲಸ ಯಾವುದಕ್ಕೂ ‘ಉಪ’ ಅಲ್ಲ. ಅಂಕಿತನಾಮಗಳು ಇದ್ದಂತೆಯೇ ಇರುತ್ತವೆ. ‘ನೀರಿಗಿಳಿತ’ ಮತ್ತು ‘ಸೇವಾ ಸೇರ್ಪಡೆ’ ಎರಡೂ ಪುಸ್ತಕ ಸೇರಿದವು.

ಇನ್ನೊಂದು ಉಳಿದಿದೆ. ವಿನ್ಯಾಸದ ಆರಂಭದಲ್ಲಿಯೇ, ಮುಂದೆ ಹೆಚ್ಚಬಹುದಾದ ತೂಕಕ್ಕೆಂದು ಒಂದಿಷ್ಟು ಟನ್ನುಗಳನ್ನು ಬಿಟ್ಟಿರುತ್ತಾರೆ. ಅದಕ್ಕೆ ಮೂಲದಲ್ಲಿ ಮಾರ್ಜಿನ್ ಎಂದಿದೆ. ‘ಅಂಚು’ ಎಂದು ಬರೆದಿದ್ದೆ. ಹಡಗಿನ ಅಂಚು ಎಂದು ಓದಿದವರು ತಿಳಿದರು. ಈ ಪದ ತಪ್ಪಿದರೆ ಅಧ್ಯಾಯವೇ ಕೆಡುತ್ತದೆ. ಸ್ಪೇನಿನ ಎಸ್-80 ಜಲಾಂತರ್ಗಾಮಿಯ ತೂಕ ಮಿತಿಮೀರಿದೆ, ಮುಳುಗಿದರೆ ಮೇಲೇಳುವುದೇ ಕಷ್ಟ ಎಂದು 2013ರಲ್ಲಿ ತಿಳಿದುಬಂದಾಗ, ತೇಲುವ ಬಲ ಹೆಚ್ಚಿಸಲು ಒಡಲನ್ನೇ ಸುಮಾರು 10 ಮೀಟರ್ ಉದ್ದ ಮಾಡಬೇಕಾಯಿತು. ಮೊದಲ ಹಡಗು ನೌಕಾಪಡೆಯ ಕೈಸೇರಿದ್ದು 2023ರ ಕೊನೆಯಲ್ಲಿ.

‘ಮೀಸಲು ತೂಕ’ ಎನ್ನಬಹುದೇ? ‘ಮೀಸಲು’ ಎಂದರೆ ಈಗಾಗಲೇ ಹೊತ್ತಿರುವ ತೂಕ ಎಂದು ಯಾರಾದರೂ ತಿಳಿದಾರೇ ಎಂಬ ಭಯ. ಬೆಳಿಗ್ಗೆ ಹತ್ತರವರೆಗೆ ಕಾಯುತ್ತೇನೆ.

ಎರಡನೆಯವರಿಂದ

‘ತೂಕದ ಬಿಡುವು’. ಬಿಟ್ಟದ್ದು ಬಿಡುವು, ಹೊತ್ತದ್ದಲ್ಲ.